ಹೂಂಗುಟ್ಟುವ ಪೆಟ್ಟಿಗೆ

ಮೊದಲು ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದರಲ್ಲಿ ಯಂತ್ರದ ವಿಷಯ ಬರುತ್ತದೆ, ಕಾನೂನಿನ ವಿಷಯ ಬರುತ್ತದೆ, ಹೆಂಗಸರ ಒಡಲಿನ ವಿಷಯ ಬರುತ್ತದೆ. ಮೂರರಲ್ಲಿ ಒಂದನ್ನಾದರೂ ಪೂರ್ತಿ ಬಲ್ಲೆ ಎನ್ನುವ ಧೈರ್ಯ ಹೇಳುವವರಿಗಿಲ್ಲ. ಬಲ್ಲವರು ಯಾರಾದರೂ ಹೇಳಿಯಾರು ಎಂದು ಕಾದದ್ದಾಯಿತು. ಅವರಿಗೆ ಬೇರೆ ಕೆಲಸಗಳಿದ್ದವು. ತಪ್ಪು ಕಂಡಲ್ಲಿ ತಿದ್ದಿಕೊಂಡು ಓದಬೇಕು.

ಸರ್ಕಾರ ಅದಕ್ಕೆ ಇಟ್ಟ ಹೆಸರು ಸ್ವಸಾಕ್ಷಿ. ಮೈಸೂರಿನ ಹೆಂಗಸರ ಬಾಯಲ್ಲಿ ಅದು ಹೂಂಗುಟ್ಟುವ ಪೆಟ್ಟಿಗೆ. ಆ ಕಾಲಕ್ಕೆ ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಒಂದು ಪುಟ್ಟ ಕೋಣೆ ಇರುತ್ತಿತ್ತು. ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಒಂದು ಕುರ್ಚಿ, ಗೋಡೆಯ ಮೇಲೆ ಸಾಂಬಾರ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಬಸಿರು ಬೇಡವೆಂದು ಬಂದ ಹೆಂಗಸು ಒಬ್ಬಳೇ ಒಳಗೆ ಹೋಗಿ, ಕೊರಳಿಗೆ ತೆಳ್ಳನೆಯ ಪಟ್ಟಿ ಸುತ್ತಿಕೊಂಡು ಮಾತಾಡಬೇಕು. ಎದುರಿಗೆ ಯಾರೂ ಇಲ್ಲದೆ ಮಾತಾಡುವುದು ಕಷ್ಟವಲ್ಲವೇ? ಅದಕ್ಕೇ ಪೆಟ್ಟಿಗೆ ನಡುನಡುವೆ, ಮುದುಕಿಯದೂ ಅಲ್ಲದ ಹುಡುಗಿಯದೂ ಅಲ್ಲದ ದನಿಯಲ್ಲಿ, "ಹೂಂ" ಅನ್ನುತ್ತಿತ್ತು.

ಅದು ಮೂರನ್ನು ನೋಡುತ್ತಿತ್ತು: ದನಿಯ ನಡುಕ, ಉಸಿರಿನ ಎಳೆತ, ಆಡಿದ ಮಾತು. ಹೆದರಿಸಿ ಕಳಿಸಿದ ಹೆಂಗಸಿನ ಗಂಟಲು, ಬಾಯಿಪಾಠ ಒಪ್ಪಿಸುವ ಮಗುವಿನ ಗಂಟಲಿನ ಹಾಗೆ ಬಿಗಿಯುತ್ತದಂತೆ. ಮೂರೂ ಸರಿಯಿದ್ದರೆ ಬಾಗಿಲ ಮೇಲೆ ಹಸಿರು ದೀಪ. ಹಸಿರು ಹತ್ತಿದ ಗಳಿಗೆಯಲ್ಲೇ ಅವಳಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು. ಆಮೇಲೆ ಗಂಡನಾಗಲಿ ಅತ್ತೆಯಾಗಲಿ ಡಾಕ್ಟರಾಗಲಿ "ಯಾಕೆ" ಎಂದು ಕೇಳುವ ಹಾಗಿಲ್ಲ. ಹಿಂದೆಲ್ಲ ಕಾನೂನು ಕೇಳದಿದ್ದರೂ "ಎಲ್ಲಮ್ಮ ನಿಮ್ಮ ಯಜಮಾನ್ರು, ಸೈನ್ ಹಾಕಿಸ್ಕೊಂಡು ಬನ್ನಿ" ಅನ್ನುವವರಿದ್ದರು. ಹೆಣ್ಣುಕೂಸೆಂದು ತಿಳಿದು ಸೊಸೆಯನ್ನು ಎಳೆದುಕೊಂಡು ಬರುವವರೂ ಇದ್ದರು. ಪೆಟ್ಟಿಗೆ ಬಂದದ್ದು ಈ ಇಬ್ಬರ ಕೈಯನ್ನೂ ತಡೆಯಲಿಕ್ಕೆ. ಅನುಮಾನ ಬಂದರೆ ಮಾತ್ರ ಕೆಂಪು ದೀಪ. ಆಗ ಅವಳ ಮಾತು ಅಳಿಸದೆ ಕೇಳುಮನೆಗೆ ಹೋಗುತ್ತಿತ್ತು. ಅಲ್ಲಿ ಮನುಷ್ಯರೊಬ್ಬರು ಕೇಳಿ ತೀರ್ಮಾನ ಹೇಳುವವರೆಗೆ ಆ ಹೆಂಗಸು ಕಾಯಬೇಕು.

ಅನಸೂಯ ಆ ಕೇಳುಮನೆಯಲ್ಲಿ ಕೆಲಸಕ್ಕಿದ್ದಳು. ಹಗಲು ರೆಡಿಮೇಡ್ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬಂದವಳು. ಇಷ್ಟು ದೊಡ್ಡ ಕೆಲಸಕ್ಕೆ ತಾನು ತಕ್ಕವಳಲ್ಲ ಎಂಬ ಅಳುಕು ಅವಳಿಗೆ ಹೋಗಲೇ ಇಲ್ಲ. ತೀರ್ಮಾನದ ಗುಂಡಿ ಒತ್ತಿದ ಮೇಲೂ ಮತ್ತೆ ಹಿಂದಕ್ಕೆ ಹೋಗಿ ಕೇಳುವಳು.

"ಹಾಲಿಗೆ ಹೆಪ್ಪು ಹಾಕಿ ಐದು ಸಲ ಮುಚ್ಚಳ ತೆಗೆದು ನೋಡೋಳು ಕಣೇ ನೀನು," ಎಂದು ಪಕ್ಕದ ಕುರ್ಚಿಯ ಫಿಲೋಮಿನಾ ಛೇಡಿಸುತ್ತಿದ್ದಳು. "ಹಂಗ್ ಮಾಡಿದ್ರೆ ಮೊಸರಾಗಲ್ಲ."

ಫಿಲೋಮಿನಾ ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು. ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದಳು: "ನನ್ನ ಪ್ರಕಾರ ಇದು ಪಾಪ. ಆದ್ರೆ ಮಾಡಿದ್ರೆ ಅವಳೇ ಮಾಡ್ಬೇಕು, ಅವಳತ್ತೆ ಮಾಡಿಸಬಾರ್ದು. ಅದನ್ನ ನೋಡೋಕೆ ಬಂದಿದೀನಿ." ಒಂದೊಂದು ದನಿ ಕೇಳಿ ಮುಗಿದ ಮೇಲೂ ತುಟಿಯಲ್ಲೇ ಏನೋ ಪ್ರಾರ್ಥಿಸಿಕೊಂಡು, ಕೇಳಿದ್ದಕ್ಕೆ ತಕ್ಕ ಗುಂಡಿಯನ್ನೇ ಒತ್ತುತ್ತಿದ್ದಳು.

ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟು ಬಂದು ಅನಸೂಯ ಹೆಡ್‌ಫೋನ್ ಹಾಕಿಕೊಂಡಳು.

"ನಮಗೆ ಬೇಡ ಕಣವ್ವ. ನಮ್ಮೆಜಮಾನ್ರೂ ನಾನೂ ಮಾತಾಡ್ಕಂಡಿದೀವಿ. ನಮಗೆ ಎರಡು ಸಾಕು."

"ಹೂಂ," ಎಂದಿತು ಪೆಟ್ಟಿಗೆ.

"ಬರೀ ಹೂಂ ಅಂತೀಯಲ್ಲ, ನಿಂಗೆ ಮಕ್ಳೆಷ್ಟವ್ವ?"

ಅನಸೂಯಳ ಕೈ ಗಕ್ಕನೆ ನಿಂತಿತು. ಆ ದನಿ ಅವಳ ಓರಗಿತ್ತಿ ಜಯಶೀಲಳದು. ಗಂಡನ ತಮ್ಮನ ಹೆಂಡತಿ. ಅದೇ ಬೆಳಿಗ್ಗೆ ಒಂದೇ ಒಲೆಯ ಮುಂದೆ ನಿಂತು ಇಬ್ಬರೂ ರೊಟ್ಟಿ ತಟ್ಟಿದ್ದರು.

ಸಂಬಂಧಿಕರ ದನಿ ಬಂದರೆ ಕೇಳದೆ ಬೇರೆಯವರಿಗೆ ದಾಟಿಸಬೇಕು, ಕೇಳಿದ್ದನ್ನು ಎಲ್ಲೂ ಆಡಬಾರದು. ಕೆಲಸಕ್ಕೆ ಸೇರುವಾಗ ಪ್ರಮಾಣ ಮಾಡಿಸಿದ್ದರು. ಅವಳು ದಾಟಿಸುವ ಗುಂಡಿ ಒತ್ತಿದಳು. ಒತ್ತುವ ಮುಂಚೆ ಪರದೆಯ ಮೇಲೆ ಪೆಟ್ಟಿಗೆಯ ತೀರ್ಮಾನ ಕಣ್ಣಿಗೆ ಬಿದ್ದೇ ಬಿದ್ದಿತು. ದನಿ ನಿರಾಳ. ಉಸಿರು ನಿರಾಳ. ಮಾತು: ಇತರರ ಇಚ್ಛೆ.

"ಯಾರೇ?" ಎಂದಳು ಫಿಲೋಮಿನಾ.

"ಗೊತ್ತಿರೋರು."

ಫಿಲೋಮಿನಾ ತನ್ನ ಪರದೆಯ ಕಡೆ ತಿರುಗಿದಳು.

ಮನೆಗೆ ಬಂದರೆ ಜಯಶೀಲ ಹೊಸ್ತಿಲಲ್ಲೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಊದುಬತ್ತಿ ಕಾರ್ಖಾನೆಯಿಂದ ಬಂದು ಎಷ್ಟು ಸೋಪು ಹಾಕಿ ತೊಳೆದರೂ ಅವಳ ಬೆರಳುಗಳು ಕರ್ರಗೆ, ಘಮಘಮ. ಅವಳ ಇಬ್ಬರು ಹೆಣ್ಣುಮಕ್ಕಳು ಬೆನ್ನ ಮೇಲೆ ಸವಾರಿ ಮಾಡುತ್ತಿದ್ದರು.

"ಅಕ್ಕ, ಈ ಎರಡು ಕೋತಿಗಳನ್ನ ಒಳಿಕ್ಕೆ ಕರ್ಕಂಡೋಗಕ್ಕ, ಸೊಂಟ ಬಿದ್ದೋಯ್ತದೆ."

ಅನಸೂಯ ಮಕ್ಕಳನ್ನೆತ್ತಿಕೊಂಡಳು. ನಿನಗೆ ಹೇಗಿದೆ, ತಲೆ ಸುತ್ತುತ್ತದೆಯೇ ಎಂದು ಕೇಳಬೇಕು ಎನ್ನಿಸಿತು. ಕೇಳುವ ಹಾಗಿರಲಿಲ್ಲ. ಅಂದು, ಮರುದಿನ, ಅದರ ಮರುದಿನವೂ ಸುಮ್ಮನಿದ್ದಳು. ಜಯಶೀಲಳೂ ಸುಮ್ಮನಿದ್ದಳು. ಅವಳು ಯಾಕೆ ಹೇಳುತ್ತಿಲ್ಲ ಎಂಬುದು ಅನಸೂಯಳಿಗೆ ಗೊತ್ತಿತ್ತು. ಅನಸೂಯಳಿಗೆ ಮಕ್ಕಳಾಗಲಿಲ್ಲ. ಆಸ್ಪತ್ರೆ, ಹರಕೆ, ಎಲ್ಲ ಮುಗಿದು, ಗಂಡಹೆಂಡಿರು ಆ ಮಾತು ಎತ್ತುವುದನ್ನೇ ಬಿಟ್ಟಿದ್ದರು. ಅಂಥವಳ ಎದುರಿಗೆ "ನನಗೆ ಬೇಡ" ಎಂದು ಹೇಗೆ ಹೇಳುವುದು?

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮೂರನೆಯ ಸಂಜೆ ಬಟ್ಟೆ ಮಡಿಸುತ್ತಿದ್ದಾಗ ಅನಸೂಯಳ ಕಣ್ಣು ತನ್ನ ಕೋಣೆಯ ಕಿಟಕಿಯತ್ತ ಹೋಯಿತು. ಹೊಲಿಗೆ ಮೆಷಿನ್ನನ್ನು ಈಚೆಗೆ ಸರಿಸಿದರೆ ಅಲ್ಲೊಂದು ತೊಟ್ಟಿಲಿಗೆ ಜಾಗವಾಗುತ್ತದೆ, ಬೆಳಗಿನ ಬಿಸಿಲೂ ಬೀಳುತ್ತದೆ ಎಂದು ಮನಸ್ಸು ತನ್ನಷ್ಟಕ್ಕೇ ಲೆಕ್ಕ ಹಾಕಿತು. ಕೇಳುಮನೆಯಲ್ಲಿ ಕೆಂಪು ದೀಪದವರ ಸರದಿ ಬಹಳ ಉದ್ದವಿತ್ತು, ದಾಟಿಸಿದ ದನಿ ಮತ್ತೆ ಅದರ ಕೊನೆಗೇ ಹೋಗುತ್ತಿತ್ತು. ಸರದಿ ಬರುವಷ್ಟರಲ್ಲಿ ಕಾಲ ಮೀರಿದರೂ ಮೀರಬಹುದು. ತಾನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಸುಮ್ಮನಿರುವುದೇ ನಿಯಮ ಕೂಡ.

ಮೆಷಿನ್ನನ್ನು ಅವಳು ಸರಿಸಲಿಲ್ಲ. ಆದರೆ ಅಂದು ಊಟ ಸೇರಲಿಲ್ಲ.

ಭಾನುವಾರ ತಾರಸಿಯ ಮೇಲೆ ಬಟ್ಟೆ ತೆಗೆಯುವಾಗ ಜಯಶೀಲಳೇ ಬಾಯಿಬಿಟ್ಟಳು. ಕ್ಲಿಪ್ಪುಗಳನ್ನು ಸೆರಗಿಗೆ ತುಂಬಿಕೊಳ್ಳುತ್ತ, ಮುಖ ಕೊಡದೆ, "ಅಕ್ಕ, ನಂಗೆ ನಿಂತದೆ," ಎಂದಳು.

"ಹೂಂ."

"ನೀನೂ ಪೆಟ್ಟಿಗೆ ಥರ ಹೂಂ ಅನ್ಬೇಡ." ನಗಲು ಹೋದಳು, ಆಗಲಿಲ್ಲ. "ಆ ಪೆಟ್ಟಿಗೆ ತಾವ್ಕೂ ಹೋಗಿದ್ದೆ. ಕೆಂಪು ಹಾಕ್ತು ಮುಂಡೇದು. ನಾನೇನು ಸುಳ್ಳು ಹೇಳಿದ್ನಾ? ಡಾಕ್ಟ್ರಮ್ಮ ಅಂದ್ರು, ಈ ವಾರ ದಾಟಿದ್ರೆ ಮಾತ್ರೇಲಿ ಆಗಕ್ಕಿಲ್ಲ, ದೊಡ್ಡಾಸ್ಪತ್ರೇಲಿ ಮಲಗಿಸಿ ಮಾಡ್ಬೇಕು ಅಂತ. ನಂಗೆ ಆ ಮೇಜು ಕಂಡ್ರೆ ಭಯ ಅಕ್ಕ. ಚಿಕ್ಕವಳು ಹುಟ್ಟಿದಾಗ…"

ಮುಂದಿನದನ್ನು ಹೇಳಬೇಕಾಗಿರಲಿಲ್ಲ. ಚಿಕ್ಕವಳು ಹುಟ್ಟಿದಾಗ ನಿಲ್ಲದೆ ರಕ್ತ ಹೋಗಿ, ನರ್ಸುಗಳು ಓಡಾಡಿ, ಬಾಗಿಲಾಚೆ ನಿಂತ ಅನಸೂಯಳ ಕೈಯಿಂದಲೂ ಒಂದು ಬಾಟಲಿ ರಕ್ತ ತೆಗೆದಿದ್ದರು. ಆವತ್ತಿನಿಂದ ಜಯಶೀಲ ತಮಾಷೆಗೆ "ನಿನ್ನ ರಕ್ತ ನನ್ನಲ್ಲೈತೆ, ನಾನು ನಿನ್ನ ಒಡಹುಟ್ಟಿದೋಳು" ಎನ್ನುತ್ತಿದ್ದಳು.

"ನಾನೂ ಯೋಚ್ನೆ ಮಾಡ್ದೆ," ಎಂದಳು ಈಗ. "ಹೆತ್ತು ನಿನ್ ಮಡ್ಲಿಗೆ ಹಾಕ್ಬಿಡೋದು ಅಂತ. ಎರಡು ರಾತ್ರಿ ಅದೇ ಯೋಚ್ನೆ. ನನ್ ಕೈಲಾಗಕ್ಕಿಲ್ಲ ಅಕ್ಕ. ಈ ಎರಡಕ್ಕೆ ನಾನು ಬೇಕು."

"ನಾನು ಕೇಳಿದ್ನೇನೇ?"

"ನೀನು ಕೇಳಿಲ್ಲ. ನೀನು ಕೇಳೋಳಲ್ಲ ಅಂತ್ಲೇ ನಂಗೆ ಸಂಕಟ. ಕೇಳಿದ್ರೆ ಜಗಳ ಆಡ್ಬೋದಿತ್ತು."

ಒಣಗಿದ ಲಂಗವೊಂದನ್ನು ಇಬ್ಬರೂ ಎರಡು ತುದಿ ಹಿಡಿದು ಕೊಡವಿದರು. ಅನಸೂಯಳಿಗೆ ಕಣ್ಣು ತುಂಬಿತು. ಗಾಳಿ ಇದ್ದದ್ದು ಒಳ್ಳೆಯದಾಯಿತು.

ಸೋಮವಾರ ಅವಳು ಕೆಲಸದ ಮೇಲೆ ಕೂತು, ನಿಯಮ ಮೀರದೆ ತಾನು ಏನು ಮಾಡಬಹುದು ಎಂದು ಯೋಚಿಸಿದಳು. ಜಯಶೀಲಳ ದನಿಯನ್ನು ಮುಟ್ಟುವ ಹಾಗಿಲ್ಲ, ಸರದಿ ತಪ್ಪಿಸುವ ಹಾಗಿಲ್ಲ. ಆದರೆ ತಾನೇ ಹಿಂದೆ ಕೇಳಿ ತೀರ್ಮಾನ ಹೇಳಿದ ಬೇರೆ ಹೆಂಗಸರ ಮಾತುಗಳನ್ನು ಮತ್ತೆ ತೆಗೆದು ನೋಡಬಹುದು; ಕೆಂಪಾಗಿ ಕೇಳುಮನೆಗೆ ಬಂದದ್ದು ತೀರ್ಮಾನವಾದ ಮೇಲೂ ಒಂದಷ್ಟು ಕಾಲ ಅಳಿಯದೆ ಉಳಿದಿರುತ್ತಿತ್ತು. ಒಂದೊಂದನ್ನೇ ತೆಗೆದಳು. ದನಿ ನಿರಾಳ, ಉಸಿರು ನಿರಾಳ, ಮಾತು ಮಾತ್ರ ಕೆಂಪು: ಅಂಥವು ರಾಶಿ ಇದ್ದವು. ನಂಜನಗೂಡಿನ ಕಡೆಯವಳು, ಹುಣಸೂರಿನವಳು, ಇಲ್ಲೇ ಮಂಡಿಮೊಹಲ್ಲಾದವಳು. ನಮಗೆ ಬೇಡ. ನಮ್ಮ ಮನೇಲಿ ಕಷ್ಟ. ನಮ್ಮ ಮೈಗೆ ಆಗೋದಿಲ್ಲ. ಒಬ್ಬಳಂತೂ ತನ್ನ ಬೆನ್ನುನೋವನ್ನೇ "ನಮ್ಮ ಬೆನ್ನು ನೋಯ್ತದೆ" ಎಂದಿದ್ದಳು. ಇಷ್ಟು ದಿನ ಇವನ್ನೆಲ್ಲ ಕೇಳಿ ಹಸಿರು ಮಾಡಿ ಕಳಿಸುವಾಗ, ಪೆಟ್ಟಿಗೆಗೆ ಏನೋ ಅನುಮಾನ ಬಂದಿತ್ತು, ಇರಲಿ ಎಂದುಕೊಂಡಿದ್ದಳೇ ಹೊರತು, ಯಾಕೆ ಬಂತು ಎಂದು ಯೋಚಿಸಿರಲಿಲ್ಲ.

ಪೆಟ್ಟಿಗೆಗೆ ಮಾತು ಕಲಿಸಿದ ಡಾಕ್ಟರ್ ಮುಕ್ತಾ ಮೇಲಿನ ಮಹಡಿಯ ಪ್ರಯೋಗಾಲಯದಲ್ಲಿದ್ದರು. ಅನಸೂಯ ಅವರ ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಮುಖ ತೊಳೆದುಕೊಂಡು, ಮತ್ತೆ ಹೋದಳು. ಈ ಸಲ ಫಿಲೋಮಿನಾಳನ್ನು ಜೊತೆಗೆ ಎಳೆದುಕೊಂಡಳು.

"ಮೇಡಂ, ತಪ್ಪಿದ್ರೆ ಬೈಬೇಡಿ."

"ಬೈಯೋಕೂ ಟೈಮಿಲ್ಲ, ಬೇಗ ಹೇಳಿ," ಎಂದರು ಮುಕ್ತಾ, ಬ್ಯಾಗಿಗೆ ಏನೇನೋ ತುರುಕಿಕೊಳ್ಳುತ್ತ. "ನಮ್ಮಮ್ಮ ಕೆಳಗೆ ಆಟೋದಲ್ಲಿ ಕೂತಿದ್ದಾರೆ. ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು."

ಅನಸೂಯ ಸಿದ್ಧ ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ನೀವು ಎಷ್ಟು ಜನ ಮಕ್ಕಳು ಮೇಡಂ, ನಿಮ್ಮಮ್ಮನಿಗೆ?"

"ನಾನೊಬ್ಬಳೇ. ಯಾಕೆ?"

"ಮತ್ತೆ… ನಮ್ಮಮ್ಮ ಅಂದ್ರಲ್ಲ?"

ಮುಕ್ತಾ ಬ್ಯಾಗನ್ನು ಮೇಜಿನ ಮೇಲಿಟ್ಟರು. ನಿಧಾನವಾಗಿ ಕುರ್ಚಿಯಲ್ಲಿ ಕೂತರು.

"ಅಯ್ಯೋ," ಎಂದರು.

ಮಾತಿನ ಭಾಗವನ್ನು ಮೊದಲು ಬೇರೆ ಭಾಷೆಯಲ್ಲಿ ಕಲಿಸಿ ಆಮೇಲೆ ಕನ್ನಡಕ್ಕೆ ತಿರುಗಿಸಿದ್ದರಂತೆ. ನಾನು, ನನಗೆ ಎಂದರೆ ಸ್ವಂತ ಇಚ್ಛೆ. ನಾವು, ನಮಗೆ ಎಂದರೆ ಹಿಂದೆ ಯಾರೋ ಇದ್ದಾರೆ.

"ಹಂಗಾದ್ರೆ ನಮ್ಮ ಯಜಮಾನ್ರು ಅಂದ್ರೆ ಬೀದಿಗೆಲ್ಲ ಒಬ್ಬನೇ ಯಜಮಾನ ಅಂದ್ಕೊಂಡಿತ್ತಾ ಅದು!" ಫಿಲೋಮಿನಾ ಬಾಯಿಗೆ ಕೈಯಿಟ್ಟು ನಕ್ಕಳು. ಮುಕ್ತಾ ಕೂಡ ನಕ್ಕರು. ನಗು ನಿಂತ ಮೇಲೆ ಫಿಲೋಮಿನಾಳೇ ತಲೆ ಅಲ್ಲಾಡಿಸಿದಳು.

"ಆದ್ರೆ ಮೇಡಂ, ಅದನ್ನ ತೆಗೆದು ಹಾಕ್ಬೇಡಿ. ಎರಡು ವರ್ಷದ ಹಿಂದೆ ಒಬ್ಬಳು ಬಂದಿದ್ಲು. ದನಿ ನಿರಾಳ, ಉಸಿರು ನಿರಾಳ. ಚೆನ್ನಾಗಿ ಅಭ್ಯಾಸ ಮಾಡಿಸಿ ಕಳ್ಸಿದ್ರು. 'ನಮಗೆ ಬೇಡ' ಅಂದಳು. ಆ ಒಂದು ಮಾತಿಗೇ ಕೆಂಪು ಬಿತ್ತು. ಫೋನ್ ಮಾಡಿ ನಾನು ಮಾತಾಡಿಸಿದಾಗ ಗೊಳೋ ಅಂತ ಅತ್ತಳು. ಮೂರನೇದೂ ಹೆಣ್ಣು ಅಂತ ಅತ್ತೆ ಕಳ್ಸಿದ್ದು. ಅವಳಿಗೆ ಬೇಕಾಗಿತ್ತು. ಆ ಮಗು ಈಗ ಎದ್ದು ನಡೀತಾ ಇದೆ."

ಅನಸೂಯ ಆ ಹೆಂಗಸನ್ನೂ ಜಯಶೀಲಳನ್ನೂ ಮನಸ್ಸಿನಲ್ಲೇ ಪಕ್ಕಪಕ್ಕ ಇಟ್ಟು ನೋಡಿದಳು. ಅದೇ ಮಾತು, ಅದೇ ನಿರಾಳ. ಒಬ್ಬಳ "ನಮಗೆ"ಯಲ್ಲಿ ಅವಳಿದ್ದಳು, ಇನ್ನೊಬ್ಬಳದರಲ್ಲಿ ಇರಲಿಲ್ಲ. ತನ್ನದೇ ಮನೆಯಲ್ಲೂ, ಇಬ್ಬರು ಹೆಣ್ಣುಮಕ್ಕಳ ಮೇಲೆ ಮೊಮ್ಮಗನ ಆಸೆ ಇಟ್ಟುಕೊಂಡ ಅತ್ತೆ ಇದ್ದಾರೆ. ತೊಟ್ಟಿಲಿಗೆ ಜಾಗ ನೋಡಿಟ್ಟ ತಾನಿದ್ದೇನೆ.

"ಹೊರಗಿನಿಂದ ಹೇಗೆ ಹೇಳೋದು?" ಎಂದರು ಮುಕ್ತಾ, ತಮಗೆ ತಾವೇ.

"ಕೇಳಿದ್ರಾಯ್ತಪ್ಪ," ಎಂದಳು ಫಿಲೋಮಿನಾ. "ಬಾಯಿಲ್ವಾ ಅದಕ್ಕೆ? ಬರೀ ಹೂಂ ಹೂಂ ಅಂತ ಕೂತ್ರೆ? 'ನಮಗೆ ಅಂದ್ರೆ ಯಾರಿಗಮ್ಮ' ಅಂತ ಬಾಯ್ಬಿಟ್ಟು ಕೇಳ್ಲಿ."

ಅವಳು ತಮಾಷೆಗೇ ಅಂದದ್ದು. ಮುಕ್ತಾ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.

"ಕೇಳಿದ್ರೂ ಸುಳ್ಳು ಹೇಳಬಹುದು," ಎಂದರು.

"ಸುಳ್ಳು ಹೇಳೋವಾಗ ಗಂಟಲು ಬಿಗಿಯುತ್ತೆ ಅಂತ ನೀವೇ ಪಾಠ ಮಾಡಿದ್ರಿ."

"ಬಿಗಿಯುತ್ತೆ ಅಂದ್ಕೊಂಡಿದೀವಿ, ಫಿಲೋಮಿನಾ. ಎಲ್ಲರದೂ ಬಿಗಿಯುತ್ತಾ ಅಂದ್ರೆ ನನಗೆ ಗೊತ್ತಿಲ್ಲ." ಆಮೇಲೆ ಅನಸೂಯಳ ಕಡೆ ತಿರುಗಿದರು. "ನಿಮಗೆ ಇದು ಹೇಗೆ ಹೊಳೀತು?"

"ನಮ್ಮನೇಲೂ ಹಾಗೇ ಮಾತಾಡೋದು ಮೇಡಂ."

ಕೆಳಗಿನಿಂದ ಆಟೋ ಹಾರ್ನು ಕೇಳಿಸಿತು. ಮುಕ್ತಾ ಎದ್ದರು. ಅಂದು ಅಮ್ಮನಿಗೆ ಕಣ್ಣು ತೋರಿಸಿ ನೇರ ಪ್ರಯೋಗಾಲಯಕ್ಕೇ ವಾಪಸು ಬಂದರಂತೆ. ಹೊಸ ಪ್ರಶ್ನೆಯನ್ನು ಪೆಟ್ಟಿಗೆಗಳಿಗೆ ಕಲಿಸಿ, ಬರೀ ಮಾತಿಗಾಗಿ ಕೆಂಪು ಬಿದ್ದವರನ್ನೆಲ್ಲ ಮತ್ತೊಮ್ಮೆ ಬಂದು ಮಾತಾಡಿ ಎಂದು ಕರೆಸಿದರು. ಬುಧವಾರ ಜಯಶೀಲಳ ಫೋನಿಗೂ ಕರೆ ಬಂತು.

ಅವಳು ಅಡಿಗೆಮನೆಗೆ ಓಡಿಬಂದಳು. "ಅಕ್ಕ, ಮತ್ತೆ ಬಾ ಅಂದ್ರು! ಈ ಸಲ ಏನ್ ಕೇಳ್ತದೆ ಅದು? ನೀನು ಅಲ್ಲೇ ಕೆಲ್ಸ ಮಾಡೋಳು. ಹೇಳ್ಕೊಡು."

"ಹೇಳ್ಕೊಡೋ ಹಾಗಿಲ್ಲ ಕಣೆ."

"ಒಂಚೂರು?"

"ಒಂಚೂರೂ ಇಲ್ಲ. ನಾನು ಹೇಳ್ಕೊಟ್ರೆ ಅದು ನನ್ ಮಾತಾಗುತ್ತೆ."

"ಎಂಥ ಕಲ್ಲು ಮನಸ್ಸು ನಿಂದು." ಜಯಶೀಲ ಒಲೆಯ ಕಡೆ ತಿರುಗಿ ತಾನೇ ಅಭ್ಯಾಸಕ್ಕಿಳಿದಳು. "ನಂಗೆ ಬೇಡ. ನಾನು… ನಂಗೆ ಬೇಡ. ಥೂ, ಅನ್ನ ಬೇಡ ಅಂತ ಹಟ ಮಾಡೋ ಮಗೀನಂಗೆ ಕೇಳ್ತದೆ."

"ಏನ್ ಬೇಡ್ವಂತೆ ಅವಳಿಗೆ? ಉಪ್ಸಾರಾ?" ಎಂದರು ಹಿತ್ತಲಿನಿಂದ ಅತ್ತೆ ಸಿದ್ದಮ್ಮ.

ಸಿದ್ದಮ್ಮ ಒಳಗೆ ಬಂದು, ಕೈಯಲ್ಲಿದ್ದ ಸೊಪ್ಪಿನ ಕಂತೆಯನ್ನು ಧೊಪ್ಪನೆ ಹಾಕಿದರು.

"ಹಿತ್ಲಲ್ಲಿ ವಾಂತಿ ಮಾಡ್ಕಂಡ್ರೆ ನಂಗೆ ಗೊತ್ತಾಗಕ್ಕಿಲ್ವಾ? ಆರು ಹೆತ್ತೋಳು ನಾನು. ಗಂಡಾಗ್ತಿತ್ತೋ ಏನೋ." ಸ್ವಲ್ಪ ಹೊತ್ತು ಸೊಪ್ಪಿನ ಕಡ್ಡಿ ಮುರಿದರು. "ಆ ಆರಕ್ಕೂ ಬೇಕಾ ಬೇಡ್ವಾ ಅಂತ ನನ್ನನ್ನ ಯಾರೂ ಕೇಳ್ಲಿಲ್ಲ, ಪೆಟ್ಟಿಗೇನೂ ಇಲ್ಲ, ಮನುಸ್ರೂ ಇಲ್ಲ. ಹೋಗು, ಅದೇನು ಹೇಳ್ಬೇಕೋ ಹೇಳು. ಹೋಗೋವಾಗ ಹೊಟ್ಟೆ ತುಂಬ ತಿಂದ್ಕಂಡು ಹೋಗು."

ಮುನಿಸು ಪೂರ್ತಿ ಹೋಗಿರಲಿಲ್ಲ. ಸೊಪ್ಪಿನ ಮೇಲೆ ತೀರಿಸಿಕೊಂಡರು.

ಮರುದಿನ ಜಯಶೀಲಳ ಗಂಡ ನಂಜುಂಡ ತನ್ನ ಆಟೋದಲ್ಲೇ ಇಬ್ಬರನ್ನೂ ಆಸ್ಪತ್ರೆಗೆ ಬಿಟ್ಟು, ಗೇಟಿನಾಚೆ ನಿಂತು ಉಗುರು ಕಚ್ಚುತ್ತಿದ್ದ. ಅನಸೂಯ ಕೋಣೆಯ ಎದುರು ಬೆಂಚಿನ ಮೇಲೆ ಕೂತಳು. ಒಳಗೆ ಹೋಗುವ ಮುನ್ನ ಜಯಶೀಲ ತನ್ನ ಬಳೆಗಳನ್ನು ಕಳಚಿ ಅವಳ ಕೈಗೆ ಕೊಟ್ಟಳು. ಅದರ ಅಗತ್ಯವೇನೂ ಇರಲಿಲ್ಲ. ಚಿಲಕ ಬಿತ್ತು.

ಒಳಗಿನದು ಹೊರಗೆ ಕೇಳುವುದಿಲ್ಲ. ದಿನವಿಡೀ ಬೇರೆಯವರ ಮಾತು ಕೇಳುವ ಕಿವಿಗೆ ಆ ನಿಶ್ಶಬ್ದ ತಡೆಯಲಾಗಲಿಲ್ಲ. ಕೆಂಪು ಬಿದ್ದರೆ ಈ ವಾರ ದಾಟುತ್ತದೆ, ಮಾತ್ರೆ ಹೋಯಿತು, ಆ ಮೇಜೇ ಗತಿ. ಅಥವಾ ಅವಳು ಹೆದರಿ ಹಿಂದೆಗೆದರೆ, ಹೆತ್ತರೆ… ಅನಸೂಯ ಬಳೆಗಳನ್ನು ಬಿಗಿಯಾಗಿ ಹಿಡಿದು, ಹಸಿರು ಬರಲಿ ಎಂದು ಬೇಡಿಕೊಂಡಳು. ಅವಳು ಬೇಡಿಕೊಂಡದ್ದು ಅದನ್ನೇ. ಬೇಡಿಕೊಳ್ಳುವಾಗ ಎದೆಯೊಳಗೆ ಏನೋ ಹರಿಯಿತು ಎಂಬುದೂ ನಿಜ.

ಹಸಿರು ಹತ್ತಿತು.

ಜಯಶೀಲ ಹೊರಗೆ ಬಂದಳು. ಕಣ್ಣು ಕೆಂಪಗಿತ್ತು. ಅನಸೂಯಳನ್ನು ಒಂದು ಸಲ ನೋಡಿ, ಬಳೆ ತೊಡಿಸು ಎನ್ನುವಂತೆ ಕೈ ಚಾಚಿದಳು.

ಮೊದಲ ಮಾತ್ರೆ ಅಲ್ಲೇ ಕೊಟ್ಟರು. ಎರಡನೆಯದನ್ನು ಮನೆಯಲ್ಲಿ ತೆಗೆದುಕೊಂಡ ದಿನ ಅನಸೂಯ ರಜೆ ಹಾಕಿದಳು. ಮಕ್ಕಳನ್ನು ಸಿದ್ದಮ್ಮ ಪಕ್ಕದ ಮನೆಗೆ ಕರೆದೊಯ್ದರು. ನೋವು ಶುರುವಾದಾಗ ಜಯಶೀಲ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅನಸೂಯ ಹಿಂದಿನಿಂದ ಅವಳ ಸೊಂಟ ತಿಕ್ಕಿದಳು, ಬಿಸಿನೀರಿನ ಚೀಲ ಬದಲಾಯಿಸಿದಳು, ರಾಗಿ ಗಂಜಿ ಆರಿಸಿ ಕುಡಿಸಿದಳು. ಬಟ್ಟೆ ಎಷ್ಟು ತೊಯ್ದಿದೆ ಎಂದು ಮತ್ತೆ ಮತ್ತೆ ನೋಡಿದಳು. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇನೂ ಹೋಗಲಿಲ್ಲ. ಇಳಿಹೊತ್ತಿಗೆ ನೋವು ತಗ್ಗಿತು.

"ಅಕ್ಕ."

"ಏನೇ?"

"ನಿಂಗೆ ಬೇಜಾರಾ?"

ಅನಸೂಯ ಸುಳ್ಳು ಹೇಳಬಹುದಿತ್ತು. "ಹೂಂ, ಬೇಜಾರೇ," ಎಂದಳು.

"ನನ್ ಮೇಲಾ?"

"ನಿನ್ ಮೇಲೆ ಯಾಕೆ? ನೀನು ಇದೀಯಲ್ಲ, ಸಾಕು. ಆ ಕಡೆ ಸರಿ ಸ್ವಲ್ಪ, ನನಗೂ ಬೆನ್ನು ನೋಯ್ತಿದೆ."

ಜಯಶೀಲ ಸರಿದು ಜಾಗ ಕೊಟ್ಟಳು. ಒಂದೇ ಚಾಪೆಯ ಮೇಲೆ ಇಬ್ಬರೂ ಮಲಗಿದರು, ಒಬ್ಬಳ ಕೈ ಇನ್ನೊಬ್ಬಳ ಮೇಲೆ. ಅವಳ ಉಸಿರು ನಿಧಾನವಾಗುವವರೆಗೂ ಅನಸೂಯ ಎಚ್ಚರವಿದ್ದಳು.

ಪೆಟ್ಟಿಗೆಯ ವಿಷಯದಲ್ಲಿ ಗೊತ್ತಿರುವುದು ಇಷ್ಟೇ: ಅಂದು ಅದು ಜಯಶೀಲಳನ್ನು "ನಮಗೆ ಅಂದ್ರೆ ಯಾರಿಗೆ" ಎಂಬ ಆ ಹೊಸ ಪ್ರಶ್ನೆ ಕೇಳಿರಬೇಕು, ಅವಳು ಏನೋ ಉತ್ತರ ಕೊಟ್ಟಿರಬೇಕು, ಹಸಿರು ಹತ್ತಿದೊಡನೆ ಆ ಉತ್ತರ ಅಳಿಸಿಹೋಯಿತು. ಹೊಸ ಪ್ರಶ್ನೆಯಿಂದ ಎಷ್ಟು ಜನ ಉಳಿದರು, ಎಷ್ಟು ಜನ ಅಭ್ಯಾಸ ಮಾಡಿಕೊಂಡ ಉತ್ತರ ಹೇಳಿ ದಾಟಿಹೋದರು ಎಂಬುದು ಡಾಕ್ಟರ್ ಮುಕ್ತಾಗೆ ತಿಳಿಯದು. ಜಯಶೀಲ ಯಾರ ಯಾರ ಹೆಸರು ಹೇಳಿದಳು, ಅದರಲ್ಲಿ ತನ್ನ ಹೆಸರಿತ್ತೋ ಇಲ್ಲವೋ ಎಂದು ಅನಸೂಯ ಅವಳನ್ನು ಯಾವತ್ತೂ ಕೇಳಲಿಲ್ಲ. ಹಾಗಾಗಿ ಅದು ನಮಗೂ ಗೊತ್ತಿಲ್ಲ.